ಶನಿವಾರದ ಕೋಣೆಯ ಹೊರಗೆ

ಗೋಡೆ ಬಿದ್ದ ದಿನದಿಂದ ನನ್ನ ತಂಗಿ ಮಾತು ನಿಲ್ಲಿಸಿದಳು. ಆಗ ಅವಳಿಗೆ ಏಳು ವರ್ಷ, ನನಗೆ ಹದಿನಾಲ್ಕು. ತೊಂಬತ್ತರ ದಶಕದ ಕೊನೆಯ ವರ್ಷಗಳು. ನಾನು ಆಗಲೇ ದಿನಚರಿ ಬರೆಯುತ್ತಿದ್ದೆ. ಅಪ್ಪ ಯರಗಟ್ಟಿಯಲ್ಲಿ ರೈತರ ಮಾಲು ಮಾರಿಸಿಕೊಡುವ ಒಂದು ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಬೀಜದ ಕಂಪನಿಯವರು ಅಂಗಡಿಗೆ ಕೊಟ್ಟ ಡೈರಿಗಳಲ್ಲಿ ಒಂದು ಪ್ರತಿವರ್ಷ ನನ್ನ ಪಾಲಿಗೆ ಬರುತ್ತಿತ್ತು. ನಳದ ನೀರು ಎಷ್ಟು ಗಂಟೆಗೆ ಬಂತು, ಮನೆಗೆ ಯಾರು ಬಂದರು, ಗಣಿತದಲ್ಲಿ ಎಷ್ಟು ಲೆಕ್ಕ ತಪ್ಪಿದವು, ಇಂಥವನ್ನೇ ಬರೆಯುತ್ತಿದ್ದೆ. ತಂಗಿ ಆಸ್ಪತ್ರೆಯಿಂದ ಮನೆಗೆ ಬಂದ ದಿನ ಪುಟದ ಎಡಗಡೆ ಗೆರೆ ಎಳೆದು ಅವಳ ಮಾತಿಗೆಂದು ಜಾಗ ಬಿಟ್ಟೆ. ತಿಂಗಳುಗಟ್ಟಲೆ ಆ ಜಾಗ ಖಾಲಿ ಉಳಿಯಿತು. ಅವಳ ಮೊದಲ ಮಾತು ನನ್ನ ಜೊತೆಗೇ ಆಗಬೇಕು ಎಂಬುದು ನನ್ನ ಆಸೆಯಾಗಿತ್ತು. ಆಸೆ ಅನ್ನುವುದಕ್ಕಿಂತ ಹಠ ಅನ್ನಬೇಕು.

ಮನೋಳಿ ಅವ್ವನ ತವರು. ಅಲ್ಲಿ ಅವ್ವನ ತಾಯಿ ಇದ್ದಳು. ನಾವು ಅವಳಿಗೆ ಆಯಿ ಅನ್ನುತ್ತಿದ್ದೆವು. ಮಣ್ಣಿನ ಗೋಡೆ, ಮೇಲೆ ಮಣ್ಣು ಹೊದ್ದ ಮಾಳಿಗೆ ಇದ್ದ ಹಳೆಯ ಮನೆ. ತಂಗಿ ವರ್ಷದಲ್ಲಿ ಹೆಚ್ಚು ದಿನ ಅಲ್ಲೇ ಇರುತ್ತಿದ್ದಳು. ಶ್ರಾವಣದಲ್ಲಿ ಜಡಿಮಳೆ ಹಿಡಿದು ಬಿಡಲೇ ಇಲ್ಲ. ಒಂದು ಬೆಳಗ್ಗೆ ಅಡಿಗೆಮನೆಯ ಗೋಡೆ ನೀರು ಕುಡಿದು ಕುಸಿಯಿತು. ರೊಟ್ಟಿ ಬಡಿಯುತ್ತಿದ್ದ ಆಯಿಯೂ ಅವಳ ಪಕ್ಕ ಕೂತಿದ್ದ ತಂಗಿಯೂ ಒಳಗೆ ಸಿಕ್ಕಿಬಿದ್ದರು. ಓಣಿಯವರು ಸಲಿಕೆ ಬದಿಗಿಟ್ಟು ಕೈಯಿಂದಲೇ ಮಣ್ಣು ಬಗೆದರು. ತಂಗಿ ಎಡಗೈ ಮುರಿದುಕೊಂಡು ಉಳಿದಳು. ಆಯಿ ಉಳಿಯಲಿಲ್ಲ. ಅಪ್ಪ ತಂಗಿಯನ್ನು ಎತ್ತಿಕೊಂಡು ಬೆಳಗಾವಿಗೆ ಹೋದರು. ನಾನೂ ಅವ್ವನೂ ಮನೋಳಿಗೆ ಹೋದೆವು. ಅಂದೇ ಸಂಜೆ, ಮಳೆ ಸ್ವಲ್ಪ ಬಿಡುವು ಕೊಟ್ಟ ಹೊತ್ತಿನಲ್ಲಿ ಆಯಿಯನ್ನು ಹೊಲದಲ್ಲಿ ಮಣ್ಣು ಮಾಡಿದರು.

ತಂಗಿ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಮನೆಗೆ ಬರುವ ಮೊದಲೇ ದೊಡ್ಡವರೆಲ್ಲ ಕೂತು ಒಂದು ಮಾತು ಮಾಡಿಕೊಂಡರು. ಆಯಿ ಇನ್ನೂ ಬೆಳಗಾವಿಯ ದವಾಖಾನೆಯಲ್ಲಿದ್ದಾಳೆ, ಆರಾಮ ಆದ ಮೇಲೆ ಬರುತ್ತಾಳೆ ಎಂದು ಮಗುವಿಗೆ ಹೇಳುವುದು. ಅವ್ವ ಹೇಳಿದಳು, ಅಪ್ಪ ಹೇಳಿದರು, ನನ್ನ ಸರದಿ ಬಂದಾಗ ನಾನೂ ಹೇಳಿದೆ. ತಂಗಿ ಯಾರನ್ನೂ ಏನೂ ಕೇಳಲಿಲ್ಲ. ಕೇಳಲಿಲ್ಲವಾದ್ದರಿಂದ ನಂಬಿದ್ದಾಳೆ ಅಂದುಕೊಂಡೆವು.

ಧಾರವಾಡದ ಡಾಕ್ಟರು ಗಂಟಲು ನೋಡಿ ಏನೂ ದೋಷವಿಲ್ಲ ಅಂದರು. ಅವ್ವ ಹರಕೆ ಹೊತ್ತಳು, ದಾರ ಕಟ್ಟಿಸಿದಳು. ದೀಪಾವಳಿ ಮುಗಿದ ಮೇಲೆ ಸವದತ್ತಿಯ ಒಬ್ಬ ಡಾಕ್ಟರು, ಇಲ್ಲೊಂದು ಕೋಣೆಯಿದೆ, ಶನಿವಾರ ಮಧ್ಯಾಹ್ನ ಕರೆದುಕೊಂಡು ಹೋಗಿ, ಅಲ್ಲಿ ಮಕ್ಕಳಿಗೆ ಬಣ್ಣ ಮಣ್ಣು ಕೊಟ್ಟು ಮನಸ್ಸಿನ ಗಾಯ ಮಾಯುವ ಹಾಗೆ ಮಾಡುತ್ತಾರೆ ಎಂದು ಹೇಳಿದರು. ನಮ್ಮ ಎದುರು ಮನೆಯಾಕೆಗೆ ಇದು ತಿಂಗಳಿಗಾಗುವಷ್ಟು ನಗೆಯ ಸರಕಾಯಿತು.

"ಏನಬೇ, ಚಿತ್ರಾ ಬಿಡಸಾಕ ಸವದತ್ತಿತನಾ ಒಯ್ಯಾಕ ಹತ್ತೀರಂತ? ನಮ್ಮ ಗ್ವಾಡಿಗೆ ಸುಣ್ಣಾ ಹಚ್ಚೂದೈತಿ, ಇಲ್ಲೇ ಕಳಸು, ಮಾತೂ ಬರ್ತಾವು, ಗ್ವಾಡೀನೂ ಬೆಳ್ಳಗಾಗತೈತಿ."

ಅವ್ವ ಮೊದಲ ಎರಡು ಶನಿವಾರ ತಾನೇ ಹೋದಳು. ಆಮೇಲೆ ಆ ಕೆಲಸ ನನಗೆ ಬಂತು. ಶನಿವಾರ ಸಾಲೆ ಅರ್ಧ ದಿನ. ಊಟ ಮುಗಿಸಿ ತಂಗಿಯ ಕೈ ಹಿಡಿದು ಬಸ್ಸು ಹತ್ತಿದರೆ ಎರಡೂವರೆಯೊಳಗೆ ಆ ಕೋಣೆಯ ಮುಂದೆ ಇರುತ್ತಿದ್ದೆವು.

ಅದು ಒಂದು ಸಾಲೆಯ ಹಿಂದುಗಡೆಯ ಕೋಣೆ. ನೀಲಿ ಬಾಗಿಲು. ಮುಂದೆ ಬೇವಿನ ಮರ, ಅದರ ಕೆಳಗೆ ಒಂದು ಕಲ್ಲುಬೆಂಚು. ಒಳಗೆ ಮಕ್ಕಳು ಮಾತ್ರ ಹೋಗಬೇಕು. ಕರೆತಂದವರು ಕಲ್ಲಿನ ಮೇಲೆ ಕೂರಬೇಕು. ಒಳಗೆ ಏನು ಮಾಡಿದೆ ಎಂದು ಮಗುವನ್ನು ಕೇಳಬಾರದು. ಅದು ಮಾಡಿದ್ದನ್ನು ಚೆಂದ ಅನ್ನಬಾರದು, ಸೊಟ್ಟ ಅನ್ನಬಾರದು. ಮಗು ತಾನಾಗಿ ಕರೆದರೆ ಮಾತ್ರ ಒಳಗೆ ಬಂದು ನೋಡಬಹುದು. ಎಲ್ಲವನ್ನೂ ಕೇಳಿ, ಎಣಿಸಿ, ಬರೆದಿಡುವ ನನ್ನಂಥವಳಿಗೆ ಇದಕ್ಕಿಂತ ಕಷ್ಟದ ನಿಯಮ ಬೇರೆ ಇರಲಿಲ್ಲ.

ನಿಯಮ ಮಾಡಿದವರು ಮೈಸೂರು ಕಡೆಯ ಒಬ್ಬ ಹೆಂಗಸು. ಮೂವತ್ತರ ಆಸುಪಾಸು, ದಪ್ಪ ಚೌಕಟ್ಟಿನ ಕನ್ನಡಕ, ಸೀರೆಯ ಸೆರಗಿಗೆ ಯಾವಾಗಲೂ ಒಂದೆರಡು ಬಣ್ಣದ ಕಲೆ. ನಮ್ಮ ಕಡೆ ಸಾಲೆ ಕಲಿಸುವ ಹೆಣ್ಣುಮಕ್ಕಳಿಗೆ ಅಕ್ಕೋರು ಅನ್ನುತ್ತಾರೆ. ಆದ್ದರಿಂದ ಅವರೂ ಅಕ್ಕೋರು ಆದರು. ನನಗೆ ಮೊದಲು ಚುಚ್ಚಿದ್ದೇ ಅದು. ನನ್ನ ತಂಗಿಗೆ ಅಕ್ಕ ಅಂದರೆ ನಾನು. ಅವಳ ತಲೆ ಬಾಚುವವಳು ನಾನು, ಮುರಿದ ಕೈಯ ಅಂಗಿಯ ತೋಳು ಕತ್ತರಿಸಿ ಗುಂಡಿ ಹೊಲಿದವಳು ನಾನು. ಮೂರು ತಿಂಗಳು ಅವಳ ಪಕ್ಕದಲ್ಲಿ ಮಲಗಿ, ಅವಳು ಬೆಚ್ಚಿದಾಗಲೆಲ್ಲ ಬೆನ್ನು ಸವರಿದ್ದೇನೆ. ಇವರು ವಾರಕ್ಕೆ ಎರಡು ತಾಸು ಬಂದು, ಒಂದು ಬಣ್ಣದ ಪೆಟ್ಟಿಗೆ ತೆರೆದು ಅಕ್ಕೋರಾದರು.

ಬಾಗಿಲು ಕಾಣುತ್ತಿದ್ದಂತೆ ತಂಗಿ ನನ್ನ ಕೈ ಬಿಡುತ್ತಿದ್ದಳು. ಪ್ರತಿ ಶನಿವಾರ ಬಿಡುವ ಜಾಗ ಇನ್ನಷ್ಟು ದೂರ ಸರಿಯುತ್ತ ಬಂತು. ಮೊದಲು ಹೊಸ್ತಿಲಲ್ಲಿ, ಆಮೇಲೆ ಬೇವಿನ ಮರದ ಹತ್ತಿರ, ಆಮೇಲೆ ಸಾಲೆಯ ಗೇಟಿನಲ್ಲೇ. ಓಡಿಹೋಗಿ, ಮರದ ಕೆಳಗೆ ಬಗ್ಗಿ ಬೇವಿನ ಎಲೆಯ ಒಂದು ಚಿಕ್ಕ ಗೊಂಚಲು ಆರಿಸಿಕೊಂಡು, ಅದನ್ನು ಮುಷ್ಟಿಯಲ್ಲಿ ಹಿಡಿದು ಒಳಗೆ ಹೋಗುತ್ತಿದ್ದಳು. ಅಕ್ಕೋರಿಗೆ ಕೊಡಲು ಒಯ್ಯುತ್ತಾಳೆ ಎಂದು ನಾನು ತಿಳಿದುಕೊಂಡೆ. ಮಾತಿಲ್ಲದ ಹುಡುಗಿಯಿಂದ ವಾರವಾರ ಕಾಣಿಕೆ. ನನಗೆ ಅವಳು ಒಂದು ಕಡ್ಡಿಯನ್ನೂ ತಂದುಕೊಟ್ಟಿರಲಿಲ್ಲ.

ಒಳಗೆ ಇನ್ನೂ ಮೂರು ಮಕ್ಕಳು ಬರುತ್ತಿದ್ದರು. ಅವರಲ್ಲಿ ತೊರಗಲ್ ಕಡೆಯ ಒಬ್ಬ ಹುಡುಗ, ಬಾವಿಯಲ್ಲಿ ತಂದೆಯ ಹೆಣ ತೇಲುವುದನ್ನು ಮೊದಲು ಕಂಡವನು. ಅವನು ಎರಡು ತಿಂಗಳು ಕಾಗದ ಹರಿಯುವುದನ್ನು ಬಿಟ್ಟು ಬೇರೇನೂ ಮಾಡಲಿಲ್ಲವಂತೆ. ಅಕ್ಕೋರು ಅವನ ಪಕ್ಕ ಕೂತು ತಾವೂ ಹರಿದರಂತೆ. ಅವನನ್ನು ಕರೆತರುತ್ತಿದ್ದ ಅವನ ಕಾಕಾ ನನ್ನ ಕಲ್ಲುಬೆಂಚಿನ ಜೊತೆಗಾರ. ಆತ ಈ ಸಂಗತಿಯನ್ನು ಹೇಳಿ, ಹರಿದ ಕಾಗದ ಜೋಡಿಸಿ ಅಂಟಿಸುವ ಕೆಲಸ ಯಾವಾಗ ಶುರುವಾಗುತ್ತದೋ ಅಂದು ನಕ್ಕು ಬೀಡಿ ಹಚ್ಚಿದ. ಮುಂದೊಂದು ದಿನ ಅದೇ ಶುರುವಾಯಿತು. ಹುಡುಗ ಹರಿದ ಚೂರುಗಳನ್ನು ದೊಡ್ಡ ಹಾಳೆಗೆ ಅಂಟಿಸಿ ಬಾವಿಗೆ ಒಂದು ಮುಚ್ಚಳ ಮಾಡಿದ. ಅಂದು ಕಾಕಾನನ್ನು ಅವನೇ ಒಳಗೆ ಕರೆದ. ಆತ ಕಣ್ಣೊರೆಸಿಕೊಳ್ಳುತ್ತ ಹೊರಗೆ ಬಂದಾಗ ನನಗೆ ಆತನ ಮೇಲೂ ಹೊಟ್ಟೆಕಿಚ್ಚಾಯಿತು.

ಒಂದು ಸಲ ಅಕ್ಕೋರು ಹೊರಗೆ ಬಂದು ನನ್ನ ಪಕ್ಕ ಕೂತರು.

"ಇಷ್ಟು ಹೊತ್ತು ಒಬ್ಬಳೇ ಕೂತಿರ್ತೀಯಲ್ಲ, ಒಳಗೆ ಬರಬೇಕು ಅನ್ಸಲ್ವಾ?"

"ಇಲ್ರಿ," ಅಂದೆ.

"ನಾನಾಗಿದ್ರೆ ಅನ್ನಿಸ್ತಿತ್ತಪ್ಪ."

ಅವರು ಕೆಟ್ಟವರಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಒಂದು ಹಾಳೆ, ನಾಲ್ಕು ಬಣ್ಣದ ಕಡ್ಡಿ ಕೊಟ್ಟು, ಮನಸ್ಸಿಗೆ ಬಂದದ್ದು ಮಾಡು ಎಂದು ಹೇಳಿ ಒಳಗೆ ಹೋದರು. ನನ್ನ ಮನಸ್ಸಿಗೆ ಏನೂ ಬರಲಿಲ್ಲ. ಬಹಳ ಹೊತ್ತು ಕೂತು, ಕೊನೆಗೆ ಗೆರೆ ಎಳೆದು ಸವದತ್ತಿಯಿಂದ ಯರಗಟ್ಟಿ, ಬೈಲಹೊಂಗಲ, ರಾಮದುರ್ಗದ ಕಡೆಗೆ ಹೋಗುವ ಬಸ್ಸುಗಳ ವೇಳಾಪಟ್ಟಿ ಮಾಡಿದೆ. ಒಂದೊಂದು ಊರಿಗೆ ಒಂದೊಂದು ಬಣ್ಣ. ಅಕ್ಕೋರು ಅದನ್ನು ನೋಡಿ ಚೆಂದ ಅನ್ನಲಿಲ್ಲ. ಬಾಗಿಲಿನ ಹೊರಗೆ ಮೊಳೆ ಹೊಡೆದು ತೂಗುಹಾಕಿದರು. ಕರೆತಂದವರಿಗೆಲ್ಲ ಅದರಿಂದ ಅನುಕೂಲವಾಯಿತು. ನನಗೆ ಬೇಕಾಗಿದ್ದದ್ದು ಬಾಗಿಲಿನ ಒಳಗಡೆಯ ಜಾಗ.

ಹಾಗಿದ್ದರೆ ಅಕ್ಕೋರ ಕೆಲಸವನ್ನು ಮನೆಯಲ್ಲಿ ನಾನೇ ಮಾಡುತ್ತೇನೆ ಅಂದುಕೊಂಡೆ. ಪೇಟೆಯಲ್ಲಿ ಬಣ್ಣದ ಪೆಟ್ಟಿಗೆ ಕೊಂಡೆ, ಕುಂಬಾರರ ಓಣಿಯಿಂದ ಹದವಾದ ಮಣ್ಣು ತಂದೆ. ಮಂಗಳವಾರ, ಗುರುವಾರ ಸಂಜೆ ನಮ್ಮ ಮನೆಯ ಮಾಳಿಗೆಯ ಮೇಲೆ ಚಾಪೆ ಹಾಸಿ ತಂಗಿಯನ್ನು ಕೂರಿಸಿಕೊಂಡೆ. ಕಿಟಕಿಯ ಸಂದಿನಿಂದ ಕೇಳಿ ಕಲಿತ ಹಾಗೆ, "ನಿಂಗೆ ಏನು ಬೇಕೋ ಅದು ಮಾಡು" ಎಂದು ಮೈಸೂರು ಕಡೆಯ ಮಾತಿನಲ್ಲೇ ಹೇಳಿದೆ. ತಂಗಿ ಒಂದು ಗಳಿಗೆ ನನ್ನ ಮುಖ ನೋಡಿದಳು. ಆಮೇಲೆ ಸಾಲೆಯ ಪುಸ್ತಕದಲ್ಲಿರುವಂಥದೇ ಒಂದು ಗಿಳಿ ಬಿಡಿಸಿದಳು. ಅದರ ಪಕ್ಕ ಒಂದು ಕಮಲ. ಒಂದು ಎಸಳು ಸೊಟ್ಟಾಯಿತೆಂದು ಅಳಿಸಿ ತಿದ್ದಿದಳು. ಮುಗಿದ ಮೇಲೆ ಹಾಳೆಯನ್ನು ನನ್ನ ಕಡೆ ತಿರುಗಿಸಿ, ಸಾಕೇ ಎನ್ನುವ ಹಾಗೆ ಕಾದಳು. ಎರಡನೆಯ ಸಂಜೆ ನವಿಲು. ಮೂರನೆಯ ಸಂಜೆ ಮತ್ತೆ ಗಿಳಿ. ಮಣ್ಣನ್ನು ಮುಟ್ಟಲೇ ಇಲ್ಲ. ಅವಳು ನನ್ನ ಸಮಾಧಾನಕ್ಕೆ ಬಿಡಿಸುತ್ತಿದ್ದಳು. ಏಳು ವರ್ಷದ ಹುಡುಗಿ ನನ್ನನ್ನು ನೋಡಿಕೊಳ್ಳುತ್ತಿದ್ದಾಳೆಂದು ತಿಳಿದಾಗ ಪೆಟ್ಟಿಗೆ ಮುಚ್ಚಿ ಅಟ್ಟದ ಮೇಲಿಟ್ಟೆ. ಮಣ್ಣು ಅವ್ವ ಒಲೆ ಸಾರಿಸಲು ಬಳಸಿದಳು.

ಸಂಕ್ರಮಣ ಕಳೆದ ಮೇಲೆ ಕೋಣೆಯೊಳಗಿಂದ ಹೊಸ ಸದ್ದು ಕೇಳತೊಡಗಿತು. ಎರಡು ತಾಸು ಮುಗಿಯುವ ಹೊತ್ತಿಗೆ ಅಕ್ಕೋರು, "ಎಲ್ಲಿ ಅಜ್ಜಿ? ಎಲ್ಲಿದಾರೆ ನೋಡೋಣ... ಸಿಕ್ಕಿದ್ರು! ಅಜ್ಜಿ ಇಲ್ಲೇ ಇದಾರೆ!" ಅನ್ನುತ್ತಿದ್ದರು. ಅದರ ಹಿಂದೆಯೇ ದಪದಪ ಎಂದು ನೆಲಕ್ಕೆ ಕಾಲು ಬಡಿಯುವ ಸದ್ದು. ತಂಗಿ ಕುಣಿಯುತ್ತಿದ್ದಾಳೆ ಎಂದು ನಾನು ಅಂದುಕೊಂಡೆ. ನಮ್ಮ ಆಯಿಯನ್ನೇ ಅವರಿಬ್ಬರ ಆಟದ ವಸ್ತು ಮಾಡಿಕೊಂಡಿದ್ದಾರೆ, ನನ್ನನ್ನು ಹೊರಗೆ ಕೂರಿಸಿ. ಮನೆಯಲ್ಲಿ ಆಯಿಯ ಹೆಸರೆತ್ತಿದರೆ ಎದ್ದುಹೋಗುವವಳು ಅಲ್ಲಿ ಅಜ್ಜಿ ಸಿಕ್ಕಳೆಂದು ಕುಣಿಯುತ್ತಾಳೆ. ಒಂದು ಶನಿವಾರ ರಾತ್ರಿ ಡೈರಿಯಲ್ಲಿ ಬರೆದ ಸಾಲು ಇಷ್ಟೇ: ಇಂದು ಐದನೆಯ ಸಲ ಕಾಲು ಬಡಿದ ಸದ್ದು.

ಭಾರತ ಹುಣ್ಣಿಮೆಯ ಮುಂದಿನ ಶನಿವಾರ. ದೇವಿಯ ಜಾತ್ರೆಗೆಂದು ಗುಡ್ಡಕ್ಕೆ ಹೋಗುವ ಜನದಿಂದ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ನಾವು ತಡವಾಗಿ ತಲುಪಿದೆವು. ತಂಗಿ ಎಂದಿನಂತೆ ಬೇವಿನೆಲೆ ಆರಿಸಿಕೊಂಡು ಒಳಗೆ ಹೋದಳು. ಒಂದು ತಾಸು ಆಗಿರಬಹುದು, ನೀಲಿ ಬಾಗಿಲು ತೆರೆಯಿತು. ತಂಗಿ ಹೊಸ್ತಿಲ ಮೇಲೆ ನಿಂತಿದ್ದಳು. ಎರಡೂ ಕೈಗೆ ಮಣ್ಣು ಮೆತ್ತಿತ್ತು. ಒಂದು ಕೈಯನ್ನು ನನ್ನ ಕಡೆ ಚಾಚಿದಳು. ಬಾ ಅನ್ನಲಿಲ್ಲ, ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲೂ ಇಲ್ಲ.

ಒಳಗೆ ನಾನು ಅಂದುಕೊಂಡಷ್ಟು ಬಣ್ಣವಿರಲಿಲ್ಲ. ಸಗಣಿ ಸಾರಿಸಿದ ನೆಲ, ಗೋಡೆಗೆ ಹಲಗೆಗಳು, ಹಲಗೆಯ ಮೇಲೆ ಒಂದೊಂದು ಮಗುವಿಗೆ ಒಂದೊಂದು ಜಾಗ. ನೆಲದ ಮೇಲೆ ಮೊಳದಷ್ಟು ಅಗಲದ ಮರದ ಪೆಟ್ಟಿಗೆಯಲ್ಲಿ ಒದ್ದೆ ಮರಳು. ತಂಗಿ ನನ್ನನ್ನು ಅದರ ಮುಂದೆ ಕೂರಿಸಿದಳು. ಅಕ್ಕೋರು ಒಂದು ಕಡೆ ಸರಿದು ಮೆಲ್ಲಗೆ ಹೇಳಿದರು: ಕೆಲವು ವಾರಗಳಿಂದ ಇವಳು ಮಣ್ಣಿನಲ್ಲಿ ಅಜ್ಜಿಯನ್ನು ಮಾಡಿ ಮರಳಿನಲ್ಲಿ ಬಚ್ಚಿಡುತ್ತಾಳೆ, ಕೊನೆಗೆ ನಾನು ಹುಡುಕಿ ಹೊರಗೆ ತೆಗೆಯುತ್ತೇನೆ. ಗೋಡೆಯ ಕೆಳಗಿಂದ ಹೊರಬಂದ ಮಗು, ತನ್ನ ಅಜ್ಜಿಯೂ ಹೊರಗೆ ಬರಲಿ ಎಂದು ಆಡುತ್ತಿದೆ ಅಂತ ಅವರು ತಿಳಿದುಕೊಂಡಿದ್ದರು. ತೆಗೆದ ಅಜ್ಜಿಯನ್ನು ಒಡೆಯದಂತೆ ಹಲಗೆಯ ಮೇಲೆ ಜೋಪಾನ ಮಾಡುತ್ತಿದ್ದರು. ಆದರೆ ತೆಗೆದಾಗಲೆಲ್ಲ ಹುಡುಗಿ ಸಿಟ್ಟಿನಿಂದ ಕಾಲು ಬಡಿಯುತ್ತಾಳೆ, ಮರುವಾರ ಮತ್ತೆ ಹೊಸ ಅಜ್ಜಿಯನ್ನು ಮಾಡುತ್ತಾಳೆ, ಯಾಕೆಂದು ತಿಳಿಯುತ್ತಿಲ್ಲ.

ತಲೆಯೆತ್ತಿ ನೋಡಿದೆ. ಹಲಗೆಯ ಮೇಲೆ ಐದು ಆಯಿಗಳು ಸಾಲಾಗಿ ಕೂತಿದ್ದರು. ಗೇಣಿಗಿಂತ ಚಿಕ್ಕವು. ಎಲ್ಲರೂ ಕಾಲು ಮಡಚಿ ಕೂತವರು. ಎಲ್ಲರ ಎಡ ಅಂಗೈ ಎದೆಯ ಮಟ್ಟಕ್ಕೆ ಎತ್ತಿದ್ದು, ಅದರ ಮೇಲೆ ಒಂದು ಜೋಳದ ಕಾಳಿನಷ್ಟು ಮಣ್ಣಿನ ಉಂಡೆ.

ಆರನೆಯ ಆಯಿ ತಂಗಿಯ ಕೈಯಲ್ಲಿತ್ತು. ಅವಳು ಒದ್ದೆ ಮರಳಿನಲ್ಲಿ ಗುಂಡಿ ತೋಡಿದ್ದಳು. ಗುಂಡಿಯ ಒಂದು ಮಗ್ಗುಲಿಗೆ ಗೂಡು ಕೊರೆದಿದ್ದಳು. ಆಯಿಯನ್ನು ಆ ಗೂಡಿನೊಳಗೆ ಮೆಲ್ಲಗೆ ಕೂರಿಸಿ, ತಲೆಯ ಮೇಲೆ ಬೇವಿನ ಎಲೆ ಇಟ್ಟಳು.

ನಮ್ಮ ಮಂದಿಯಲ್ಲಿ ಯಾರನ್ನು ಕೇಳಿದರೂ ಅದು ಏನೆಂದು ಹೇಳುತ್ತಿದ್ದರು. ಎರಡು ವರ್ಷದ ಹಿಂದೆ ಅಜ್ಜ ಹೋದಾಗ ತಂಗಿ ಅಪ್ಪನ ಹೆಗಲ ಮೇಲೆ ಕೂತು ಎಲ್ಲವನ್ನೂ ನೋಡಿದ್ದಳು. ನನಗೆ ಆ ಗಳಿಗೆಯಲ್ಲಿ ಮೊದಲು ಬಂದದ್ದು ದುಃಖವಲ್ಲ, ಖುಷಿ. ಅಕ್ಕೋರಿಗೆ ಇದು ಗೊತ್ತಿಲ್ಲ. ಇಷ್ಟು ಶನಿವಾರ ಒಳಗಿದ್ದೂ ಗೊತ್ತಿಲ್ಲ.

"ಬಚ್ಚಿಡೂದಲ್ರಿ ಅದು," ಅಂದೆ. "ನಮ್ಮಲ್ಲೆ ಹಿಂಗ ಕುಂಡ್ರಿಸಿ ಮಣ್ಣ ಮಾಡ್ತಾರ್ರಿ. ಕೈಯಾಗ ಲಿಂಗಾ ಇಟ್ಟು, ಪತ್ರಿ ಏರಿಸಿ. ಆಮ್ಯಾಲ ಯಾರೂ ಹೊರಗ ತಗಿಯೂದಿಲ್ರಿ."

ಅಕ್ಕೋರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡರು. ನೆಲದ ಮೇಲೆ ತಂಗಿಯ ಎದುರಿಗೆ ಕೂತರು. ನನ್ನ ಕಡೆ ನೋಡದೆ ಅವಳಿಗೇ ಹೇಳಿದರು: ನಮ್ಮ ಊರಲ್ಲಿ ಸುಡ್ತಾರೆ, ನಮ್ಮಜ್ಜಿಯನ್ನೂ ಸುಟ್ಟರು, ಅದಕ್ಕೆ ನಂಗೆ ತಿಳೀಲಿಲ್ಲ. ಪ್ರತಿ ವಾರ ನಿಮ್ಮಜ್ಜಿಯನ್ನ ಎಬ್ಬಿಸಿಬಿಟ್ಟೆ. ಇನ್ನು ತೆಗೆಯಲ್ಲ.

ತಂಗಿ ತಲೆಯಾಡಿಸಿ ನನ್ನ ಕಡೆ ತಿರುಗಿದಳು. ಒಂದು ಹಿಡಿ ಮರಳು ತೆಗೆದು ನನ್ನ ಅಂಗೈಯಲ್ಲಿ ಹಾಕಿ ಕಾದಳು. ಆಯಿ ಬೆಳಗಾವಿಯಲ್ಲಿದ್ದಾಳೆ ಎಂದು ಅವಳಿಗೆ ಹೇಳಿದವರಲ್ಲಿ ನಾನೂ ಒಬ್ಬಳು. ಈ ಮರಳನ್ನು ಆ ಗುಂಡಿಗೆ ಹಾಕಿದರೆ ಆ ಮಾತು ಮುಗಿಯುತ್ತದೆ. ಅವ್ವನನ್ನು ಕೇಳದೆ ಮಾಡಬಾರದ ಕೆಲಸ. ಆದರೆ ಅವ್ವ ಯರಗಟ್ಟಿಯಲ್ಲಿದ್ದಳು, ಅಂಗೈಯಲ್ಲಿದ್ದ ಮರಳು ಬೆರಳ ಸಂದಿನಿಂದ ಸೋರುತ್ತಿತ್ತು.

ಹಾಕಿದೆ. ಹಾಕಿದ ಮೇಲೆ ಏನಾದರೂ ಹೇಳಬೇಕಾಗಿತ್ತು. ಸಮಾಧಾನದ ಮಾತು ನನಗೆ ಬರುವುದಿಲ್ಲ. ನನಗೆ ಬರುವುದು ಒಂದೇ, ಆದದ್ದನ್ನು ಆದ ಕ್ರಮದಲ್ಲಿ ಹೇಳುವುದು. ಮಳೆ ಯಾವಾಗ ನಿಂತಿತು, ಆಯಿಗೆ ಯಾವ ಸೀರೆ ಉಡಿಸಿದರು, ಕುರ್ಚಿಯಲ್ಲಿ ಕೂರಿಸಿ ಹೊತ್ತವರು ಯಾರು, ಭಜನೆಯವರು ಎಷ್ಟು ಮಂದಿ ಬಂದರು, ಕೆಸರಿನಲ್ಲಿ ಯಾರ ಚಪ್ಪಲಿ ಸಿಕ್ಕಿಕೊಂಡಿತು, ಸ್ವಾಮಿಗಳು ಏನಂದರು, ಮೊದಲು ಮಣ್ಣು ಕೊಟ್ಟವರು ದೊಡ್ಡ ಮಾವ, ಆಮೇಲೆ ಸಣ್ಣ ಮಾವ, ಆಮೇಲೆ ಅವ್ವ, ಆಮೇಲೆ ನಾನು. ಒಂದನ್ನೂ ಬಿಡದೆ ಹೇಳಿದೆ. ಒಂದೊಂದು ಸಂಗತಿಗೂ ತಂಗಿ ಒಂದೊಂದು ಹಿಡಿ ಮರಳು ಹಾಕುತ್ತ ಹೋದಳು. ಗುಂಡಿ ತುಂಬಿದ ಮೇಲೆ ಎದ್ದು ಹಲಗೆಯ ಮೇಲಿದ್ದ ಐದೂ ಆಯಿಗಳನ್ನು ಕೆಳಗೆ ತಂದಳು. ಅವರಿಗೂ ಒಂದೊಂದು ಗುಂಡಿ ತೋಡಿದಳು. ಅಷ್ಟು ಹೊತ್ತಿಗೆ ಅವಳು ಅಳುತ್ತಿದ್ದಳು. ಗೋಡೆ ಬಿದ್ದ ಮೇಲೆ ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಅಕ್ಕೋರು ಅವಳನ್ನು ಸುಮ್ಮನಿರಿಸಲಿಲ್ಲ, ಅವಳ ಬೆನ್ನು ಸವರಲು ಹೋದ ನನ್ನ ಕೈಯನ್ನೂ ತಡೆದರು.

"ನಾನೂ ಹಾಕಬಹುದಾ?" ಎಂದು ಅಕ್ಕೋರು ಅವಳನ್ನು ಕೇಳಿದರು.

ತಂಗಿ ಎರಡೂ ಕೈ ತುಂಬ ಮರಳು ತೆಗೆದು ಅವರ ಬೊಗಸೆಗೆ ಹಾಕಿದಳು. ನನಗೆ ಕೊಟ್ಟದ್ದು ಒಂದೇ ಹಿಡಿ.

ಆ ಪೆಟ್ಟಿಗೆಯನ್ನು ಇನ್ನು ಯಾರೂ ಮುಟ್ಟಬಾರದೆಂದು ಅಕ್ಕೋರು ಉಳಿದ ಮಕ್ಕಳಿಗೆ ಹೇಳಿ ಮೂಲೆಗೆ ಸರಿಸಿದರು. ತೊರಗಲ್‌ನ ಹುಡುಗ ಬಗ್ಗಿ ನೋಡಿ, ಒಂದು ಕಾಗದದ ಚೂರನ್ನು ಮರಳಿನ ಮೇಲಿಟ್ಟು ಹೋದ.

ನಾಲ್ಕೂ ಮುಕ್ಕಾಲಿನ ಬಸ್ಸು. ಹಿಂದಿನ ಸೀಟಿನಲ್ಲಿ ಇಬ್ಬರು ಮುದುಕಿಯರು ಸರಿದು ನಮಗೆ ಜಾಗ ಕೊಟ್ಟರು. ಹಣೆ ತುಂಬ ಅರಿಶಿನದ ಭಂಡಾರ, ಮಡಿಲಲ್ಲಿ ಬುಟ್ಟಿ. ತಂಗಿ ಕಿಟಕಿಯ ಪಕ್ಕ. ಬಹಳ ದೂರ ಅವಳು ಹೊರಗೇ ನೋಡುತ್ತಿದ್ದಳು. ಮನೆಗೆ ಹೋದ ಮೇಲೆ ಅವ್ವನಿಗೆ ಇದನ್ನು ಹೇಗೆ ಹೇಳುವುದೆಂದು ನಾನು ಮನಸ್ಸಿನಲ್ಲಿ ಸಾಲು ಜೋಡಿಸುತ್ತಿದ್ದೆ.

"ಅಕ್ಕೋರಿಗೆ ಗೊತ್ತಿದ್ದಿಲ್ಲ, ಪಾಪ."

ಗಂಟಲು ಒಣಗಿದವರ ಧ್ವನಿ. ಮೊದಲು ಮುದುಕಿಯರಲ್ಲಿ ಒಬ್ಬಳು ಮಾತಾಡಿದಳೆಂದುಕೊಂಡೆ. ತಿರುಗಿ ನೋಡಿದರೆ ತಂಗಿ.

"ಅವರ ಊರಾಗ ಸುಡ್ತಾರಂತ. ಅವರ ಆಯಿನ್ನೂ ಸುಟ್ರಂತ."

"ಹೂಂ," ಅಂದೆ.

"ಅವರಿಗೆ ಯಾರೂ ಹೇಳಿದ್ದಿಲ್ಲ. ಅದಕ್ಕ ಹಂಗ ಮಾಡಿದ್ರು. ಬೇಕಂತ ಮಾಡಿಲ್ಲ ಅವರು."

ನಾನು ಹಗಲೂ ರಾತ್ರಿ ಕಾದ ಮಾತು ಬಂದಿತ್ತು. ನನ್ನ ಜೊತೆಗೇ ಬಂದಿತ್ತು, ನನ್ನ ಕಿವಿಯ ಪಕ್ಕದಲ್ಲೇ. ಅದರ ತುಂಬ ಅಕ್ಕೋರೇ ಇದ್ದರು. ನನಗೆ ಅಳು ಬಂತು; ಅದರಲ್ಲಿ ಎಷ್ಟು ಸಂತೋಷ, ಎಷ್ಟು ಹೊಟ್ಟೆಕಿಚ್ಚು ಎಂದು ಬೇರೆ ಬೇರೆ ಮಾಡಲು ಇವತ್ತಿಗೂ ನನಗೆ ಆಗಿಲ್ಲ. ಪಕ್ಕದ ಮುದುಕಿ ಏನಾಯಿತು ತಾಯಿ ಎಂದು ಕೇಳಿದಳು. ಧೂಳು ಬಿತ್ತು ಅಂದೆ.

ತಂಗಿ ನನ್ನ ಮುಖ ನೋಡಿ ಹೇಳಿದಳು: "ಮುಂದಿನ ಶನಿವಾರ ನೀ ಹೊರಗ ಕುಂಡ್ರು. ನಾ ಅಕ್ಕೋರಿಗೆ ಒಂದ ಹೇಳೂದೈತಿ."

"ನನಗ ಹೇಳು, ಬೇಕಾರ."

"ನಿನಗ ಹೇಳೂದಲ್ಲ ಅದು."

"ಆತು," ಅಂದೆ.

ಯರಗಟ್ಟಿ ಬಂತು. ಅವಳು ನನ್ನ ಕೈಗೆ ಕಾಯದೆ, ಬುಟ್ಟಿಗಳ ನಡುವೆ ದಾರಿ ಮಾಡಿಕೊಂಡು, ಕಂಡಕ್ಟರಿಗೆ "ಇಳಿಯೂದೈತ್ರಿ" ಎಂದು ಹೇಳಿ ತಾನೇ ಇಳಿದಳು.